ಕೇಸು ಖುಲಾಸೆಯಾಯಿತು, ಕೆಲಸ ತಾನಾಗಿ ವಾಪಸ್ ಬರುತ್ತದಾ?

ಪ್ರಶ್ನೆ: ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದರು. 2014ರಲ್ಲಿ ಲಂಚದ ಆರೋಪದ ಮೇಲೆ ಲೋಕಾಯುಕ್ತ ಟ್ರ್ಯಾಪ್ ಆಯಿತು. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವಾಗಲೇ ಇಲಾಖಾ ವಿಚಾರಣೆಯೂ ನಡೆದು, 2019ರಲ್ಲಿ ವಜಾ ಮಾಡಿದರು. ಆಗ ಎಲ್ಲರೂ "ಮೊದಲು ಕೇಸು ಗೆಲ್ಲಿ, ಕೆಲಸ ತಾನಾಗಿ ಬರುತ್ತದೆ" ಅಂದರು. ಹಾಗಾಗಿ ವಜಾ ಆದೇಶದ ಮೇಲೆ ನಾವು ಏನೂ ಮಾಡಲಿಲ್ಲ. ಕಳೆದ ತಿಂಗಳು ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ದೂರು ಕೊಟ್ಟವರು ಕೋರ್ಟಿನಲ್ಲಿ ಉಲ್ಟಾ ಹೊಡೆದರಂತೆ. ತೀರ್ಪು ತೆಗೆದುಕೊಂಡು ಹೋದರೆ ಕಚೇರಿಯವರು "ಕೇಸು ಬೇರೆ, ವಜಾ ಬೇರೆ" ಅಂತ ಕಳಿಸಿದರು. ಯಜಮಾನರಿಗೆ ಈಗ 56 ವರ್ಷ. ಕೆಲಸ ಸಿಗುತ್ತದಾ? ಇಷ್ಟು ವರ್ಷದ ಸಂಬಳ ಸಿಗುತ್ತದಾ?

ಉತ್ತರ: ಕಚೇರಿಯವರು ಹೇಳಿದ್ದು ಅರ್ಧ ನಿಜ, ಮೇಡಂ. ಕೇಸು ಬೇರೆ, ವಜಾ ಬೇರೆ ಅನ್ನುವುದು ಕಾನೂನೇ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವುದು ಕಾನೂನಲ್ಲ. ಖುಲಾಸೆಯಾದ ಮೇಲೆ ಕೆಲಸಕ್ಕೆ ಮರಳಿದವರಿದ್ದಾರೆ, ಪೂರ್ತಿ ಬಾಕಿ ಸಂಬಳ ಪಡೆದವರೂ ಇದ್ದಾರೆ. ಖುಲಾಸೆಯಾಗಿಯೂ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಯಲ್ಲಿ ಬಂದವರೂ ಇದ್ದಾರೆ. ಇಬ್ಬರ ತೀರ್ಪಿನ ಕೊನೆಯ ಸಾಲೂ ಒಂದೇ: ಆರೋಪಿಯನ್ನು ಖುಲಾಸೆ ಮಾಡಲಾಗಿದೆ. ವ್ಯತ್ಯಾಸ ಇರುವುದು ಅದಕ್ಕಿಂತ ಹಿಂದಿನ ಪುಟಗಳಲ್ಲಿ. ಖುಲಾಸೆ ಯಾಕೆ ಆಯಿತು ಅಂತ ನ್ಯಾಯಾಧೀಶರು ಕಾರಣ ಬರೆದಿರುತ್ತಾರಲ್ಲ, ನಿಮ್ಮ ಯಜಮಾನರ ಕೆಲಸದ ಭವಿಷ್ಯ ಇರುವುದು ಅಲ್ಲಿ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. 2019ರ ಆದೇಶವನ್ನು ಇಷ್ಟು ವರ್ಷ ಯಾರೂ ಪ್ರಶ್ನಿಸಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕ್ರಿಮಿನಲ್ ಕೇಸು ಇರುವ ಸರ್ಕಾರಿ ನೌಕರರನ್ನು ವಜಾ ಮಾಡಲು ಎರಡು ದಾರಿಗಳಿವೆ. ಸಂವಿಧಾನದ 311(2)ನೇ ವಿಧಿಯ ಪ್ರಕಾರ ಆರೋಪ ಏನು ಅಂತ ತಿಳಿಸಿ, ವಿಚಾರಣೆ ನಡೆಸಿ, ಅವರ ಮಾತು ಕೇಳಿದ ಮೇಲೆಯೇ ವಜಾ ಮಾಡಬೇಕು. ಇದು ಮಾಮೂಲು ದಾರಿ. ಅದೇ ವಿಧಿಯಲ್ಲಿ ಒಂದು ಅಡ್ಡದಾರಿಯೂ ಇದೆ. ಕೋರ್ಟಿನಲ್ಲಿ ಶಿಕ್ಷೆಯಾಗಿದ್ದರೆ, ಆ ಶಿಕ್ಷೆಗೆ ಕಾರಣವಾದ ನಡತೆಯ ಮೇಲೆ ವಿಚಾರಣೆಯಿಲ್ಲದೆಯೇ ವಜಾ ಮಾಡಬಹುದು. ಈ ಎರಡನೇ ದಾರಿಯಲ್ಲಿ ವಜಾ ಆದೇಶ ನಿಂತಿರುವುದು ಒಂದೇ ಕಂಬದ ಮೇಲೆ. ಮೇಲಿನ ಕೋರ್ಟು ಖುಲಾಸೆ ಮಾಡಿದರೆ ಕಂಬವೇ ಹೋಯಿತು. ನಾಗೂರ್ ಮೀರಾ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಮೇಲ್ಮನವಿ ಬಾಕಿ ಇದೆ ಅಂತ ಸರ್ಕಾರ ಕಾಯಬೇಕಾಗಿಲ್ಲ, ಆದರೆ ಮುಂದೆ ಖುಲಾಸೆಯಾದರೆ ಆದೇಶವನ್ನು ಮತ್ತೆ ನೋಡಿ ಸರಿಪಡಿಸಬಹುದು. ಆ ಗುಂಪಿನವರಿಗೆ "ತಾನಾಗಿ ಬರುತ್ತದೆ" ಅನ್ನುವ ಮಾತು ಹೆಚ್ಚುಕಡಿಮೆ ಸರಿ. ನಿಮಗೆ ಸಲಹೆ ಕೊಟ್ಟವರು ಬಹುಶಃ ಅಂಥ ಯಾರದೋ ಕಥೆ ಕೇಳಿದ್ದರು.

ನಿಮ್ಮ ಯಜಮಾನರದು ಮೊದಲನೇ ದಾರಿ. ಶಿಕ್ಷೆಯಾಗುವ ಮೊದಲೇ, ಇಲಾಖಾ ವಿಚಾರಣೆಯ ವರದಿಯ ಮೇಲೆ ವಜಾ ಆಗಿದೆ. ಆ ಆದೇಶ ಕೇಸಿನ ಮೇಲೆ ನಿಂತಿಲ್ಲ, ವಿಚಾರಣೆಯ ಸಾಕ್ಷ್ಯದ ಮೇಲೆ ನಿಂತಿದೆ. ಹಾಗಾಗಿ ಕೇಸು ಬಿದ್ದರೂ ಅದು ತಾನಾಗಿ ಬೀಳುವುದಿಲ್ಲ. ಆದೇಶ ಹೊರಡಿಸಿದ ದಿನ ಅದು ಸರಿಯಾಗಿತ್ತಾದರೆ, ಆಮೇಲೆ ಬಂದ ಖುಲಾಸೆಯೊಂದರಿಂದಲೇ ತಪ್ಪಾಗುವುದಿಲ್ಲ ಅಂತ 2009ರಲ್ಲಿ ದಕ್ಷಿಣ ರೈಲ್ವೆ ಅಧಿಕಾರಿಗಳ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

"ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ಹೇಗೆ?" ಅಂತ ಎಲ್ಲರೂ ಕೇಳುತ್ತಾರೆ. ಇದು ಹಳೇ ಪ್ರಶ್ನೆ. 1954ರಲ್ಲೇ ವೆಂಕಟರಾಮನ್ ಪ್ರಕರಣದಲ್ಲಿ ಉತ್ತರ ಸಿಕ್ಕಿದೆ. ಸಂವಿಧಾನದ 20(2)ನೇ ವಿಧಿ ತಡೆಯುವುದು ಎರಡು ಸಲ ಕ್ರಿಮಿನಲ್ ವಿಚಾರಣೆ ಮಾಡಿ ಶಿಕ್ಷೆ ಕೊಡುವುದನ್ನು. ಇಲಾಖಾ ವಿಚಾರಣೆ ಕ್ರಿಮಿನಲ್ ವಿಚಾರಣೆಯಲ್ಲ. ಕೋರ್ಟು ಕೇಳುವುದು, ಈತನನ್ನು ಜೈಲಿಗೆ ಕಳಿಸಬೇಕಾ ಅಂತ. ಇಲಾಖೆ ಕೇಳುವುದು, ಈತನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕಾ ಅಂತ. ಮೊದಲನೆಯದಕ್ಕೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಎರಡನೆಯದಕ್ಕೆ, ಹೀಗೆ ಆಗಿರುವ ಸಾಧ್ಯತೆಯೇ ಜಾಸ್ತಿ ಅನ್ನಿಸಿದರೆ ಸಾಕು.

ಟ್ರ್ಯಾಪ್ ಕೇಸಿನಲ್ಲಿ ಈ ಎರಡು ತಕ್ಕಡಿ ಹೇಗೆ ಕೆಲಸ ಮಾಡುತ್ತವೆ ನೋಡಿ. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ದೂರುದಾರರ ಜೇಬಿಗೆ ಇಡುತ್ತಾರೆ. ಜೊತೆಗೆ ಒಬ್ಬ ಪಂಚರನ್ನು ನೆರಳು ಸಾಕ್ಷಿಯಾಗಿ ಕಳಿಸುತ್ತಾರೆ, ಮಾತು ಕೇಳಿಸಿಕೊಳ್ಳಲು. ನೌಕರರು ಹಣ ಮುಟ್ಟಿದ ಮೇಲೆ ಪೊಲೀಸರು ಬಂದು, ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕೈ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಜನ ಅಂದುಕೊಳ್ಳುವುದು, ನೀರು ಬಣ್ಣ ತಿರುಗಿದರೆ ಕಥೆ ಮುಗಿಯಿತು ಅಂತ. ಹಾಗಲ್ಲ. ಕ್ರಿಮಿನಲ್ ಕೋರ್ಟಿಗೆ ಬಣ್ಣ ಒಂದೇ ಸಾಲದು. ಹಣ ಕೈಗೆ ಬಂತು ಅನ್ನುವುದರ ಜೊತೆಗೆ, ಹಣ ಕೇಳಿದರು ಅನ್ನುವುದೂ ಸಾಬೀತಾಗಬೇಕು. ಕೇಳಿದ್ದನ್ನು ಹೇಳಬೇಕಾದವರು ದೂರುದಾರರು. ಅವರು ಕೋರ್ಟಿನಲ್ಲಿ "ನನ್ನ ಹತ್ತಿರ ಏನೂ ಕೇಳಲಿಲ್ಲ" ಅಂದರೆ ಕೇಸು ಕುಂಟುತ್ತದೆ. (2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೂರುದಾರರು ಉಲ್ಟಾ ಹೇಳಿದರೂ ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಅಂದಿದೆ. ಆ ಬೇರೆ ಸಾಕ್ಷ್ಯ ಗಟ್ಟಿಯಿರಬೇಕು ಅಷ್ಟೆ.)

ಈಗ ಇದೇ ಘಟನೆ ಇಲಾಖಾ ವಿಚಾರಣೆಗೆ ಬಂದಾಗ? ವಿಚಾರಣಾಧಿಕಾರಿಯ ಮುಂದೆ ಅದೇ ಕೈ ತೊಳೆದ ನೀರಿದೆ. ನೆರಳು ಸಾಕ್ಷಿ ಇದ್ದಾರೆ. ದೂರುದಾರರ ಕಡತ ಕಾರಣವಿಲ್ಲದೆ ಮೂರು ತಿಂಗಳು ಮೇಜಿನ ಮೇಲೆ ಕೂತಿದೆ. ಹಣ ಯಾಕೆ ತೆಗೆದುಕೊಂಡಿರಿ ಅಂದರೆ ನೌಕರರ ಹತ್ತಿರ ಒಪ್ಪುವಂಥ ಉತ್ತರ ಇಲ್ಲ. ಇವೆಲ್ಲ ಸೇರಿದರೆ ಜೈಲಿಗೆ ಕಳಿಸಲು ಸಾಲದೇ ಇರಬಹುದು. ಆದರೆ ವಿಚಾರಣಾಧಿಕಾರಿ "ಆರೋಪ ಸಾಬೀತಾಗಿದೆ" ಅಂತ ಬರೆಯಲು ಸಾಕು. ಒಂದೇ ಬಕೆಟ್ ನೀರು, ಎರಡು ತೀರ್ಮಾನ.

ಇದು ನಮ್ಮ ರಾಜ್ಯದಲ್ಲೇ ಆಗಿದೆ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನೌಕರರೊಬ್ಬರು, ಸಿ. ನಾಗರಾಜು ಅಂತ, ಲಂಚದ ಕೇಸಿನಲ್ಲಿ ಖುಲಾಸೆಯಾದರು. ಮುಖ್ಯ ಸಾಕ್ಷಿಗಳು ಉಲ್ಟಾ ಹೇಳಿದ್ದರು. ಇಲಾಖಾ ವಿಚಾರಣೆಯಲ್ಲಿ ಆರೋಪ ಸಾಬೀತಾಗಿ ವಜಾ ಆದರು. ಹೈಕೋರ್ಟು ಖುಲಾಸೆಯನ್ನು ನೋಡಿ ವಜಾ ರದ್ದು ಮಾಡಿತು. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ವಜಾವನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದು ಬಂದ ಖುಲಾಸೆ ಕಳಂಕವಿಲ್ಲದ ಖುಲಾಸೆಯಲ್ಲ ಅನ್ನುವುದು ಅದರ ತಿರುಳು. ಮತ್ತೆ 2022ರ ಮಾರ್ಚ್‌ನಲ್ಲಿ ಉಮೇಶ್ ಪ್ರಕರಣ. ಅವರು ಗ್ರಾಮ ಲೆಕ್ಕಿಗರು. ಲಂಚದ ಕೇಸಿನಲ್ಲಿ ಖುಲಾಸೆ, ಲೋಕಾಯುಕ್ತ ವಿಚಾರಣೆಯಲ್ಲಿ ಆರೋಪ ಸಾಬೀತು, ಕಡ್ಡಾಯ ನಿವೃತ್ತಿ. ಹೈಕೋರ್ಟು ಅದನ್ನು ರದ್ದು ಮಾಡಿದರೆ, ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನೇ ರದ್ದು ಮಾಡಿತು. ವಿಚಾರಣೆಯ ಸಾಕ್ಷ್ಯವನ್ನು ಮೇಲ್ಮನವಿ ಕೋರ್ಟಿನ ಹಾಗೆ ಹೊಸದಾಗಿ ತೂಗುವುದು ಹೈಕೋರ್ಟಿನ ಕೆಲಸವಲ್ಲ ಅಂದಿತು. ನಿಮ್ಮ ಎದುರು ಪಕ್ಷದ ವಕೀಲರು ಮೊದಲು ತೆಗೆಯುವುದು ಈ ಎರಡು ತೀರ್ಪುಗಳನ್ನು. ಮೊದಲೇ ಗೊತ್ತಿರಲಿ.

ಇಷ್ಟು ಓದಿ ಧೈರ್ಯ ಕಳೆದುಕೊಳ್ಳಬೇಡಿ. ಇನ್ನೊಂದು ಕಡೆಯ ತೀರ್ಪುಗಳೂ ಇವೆ. ಅದರಲ್ಲಿ ದೊಡ್ಡದು ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ.

ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಲ್ಲಿ ಕ್ಯಾಪ್ಟನ್ ಪಾಲ್ ಆಂಥೋನಿ ಭದ್ರತಾ ಅಧಿಕಾರಿ. 1985ರ ಜೂನ್‌ನಲ್ಲಿ ಪೊಲೀಸರು ಅವರ ಮನೆ ಮೇಲೆ ದಾಳಿ ಮಾಡಿದರು. 4.5 ಗ್ರಾಂ ತೂಕದ ಚಿನ್ನದ ಉಂಡೆ, 1,276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತು ಅಂದರು. ಮಾರನೇ ದಿನವೇ ಅಮಾನತು. ಕೇಸು ಒಂದು ಕಡೆ, ಇಲಾಖಾ ವಿಚಾರಣೆ ಒಂದು ಕಡೆ. ಅಮಾನತಿನಲ್ಲಿದ್ದಾಗ ಕೊಡಬೇಕಾದ ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ತಮ್ಮ ಊರಿನಿಂದ ಕೆಜಿಎಫ್‌ಗೆ ವಿಚಾರಣೆಗೆ ಬರಲು ಅವರ ಹತ್ತಿರ ಹಣವಿರಲಿಲ್ಲ, ಆರೋಗ್ಯವೂ ಸರಿಯಿರಲಿಲ್ಲ. ವಿಚಾರಣೆ ಅವರಿಲ್ಲದೆಯೇ ನಡೆದು 1986ರ ಜೂನ್‌ನಲ್ಲಿ ವಜಾ ಆಯಿತು. 1987ರ ಫೆಬ್ರವರಿಯಲ್ಲಿ ಕೋರ್ಟು ಖುಲಾಸೆ ಮಾಡಿತು. ಅದು ಹೇಳಿದ್ದೇನು? ದಾಳಿ ನಡೆದದ್ದು, ಚಿನ್ನ ಸಿಕ್ಕಿದ್ದು ಎರಡೂ ಸಾಬೀತಾಗಿಲ್ಲ ಅಂತ. ಕಂಪನಿ ಜಗ್ಗಲಿಲ್ಲ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಮೇಲ್ಮನವಿಯಲ್ಲಿ ಸೋತು, ಕೊನೆಗೆ 1999ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೇಸಿಗೂ ವಿಚಾರಣೆಗೂ ಆಧಾರ ಒಂದೇ ದಾಳಿ. ಸಾಕ್ಷಿಗಳು ಅದೇ ಪೊಲೀಸರು, ಅದೇ ಪಂಚರು. ಆ ದಾಳಿಯನ್ನೇ ಕೋರ್ಟು ನಂಬದಿರುವಾಗ, ಅವರಿಲ್ಲದೆ ನಡೆದ ವಿಚಾರಣೆಯ ತೀರ್ಮಾನ ಮಾತ್ರ ಉಳಿಯಲು ಬಿಡುವುದು ಅನ್ಯಾಯ ಅಂತ ಸುಪ್ರೀಂ ಕೋರ್ಟು ಹೇಳಿತು. ಕೆಲಸ, ಅಮಾನತಿನ ದಿನದಿಂದ ಪೂರ್ತಿ ಸಂಬಳ ಎರಡೂ ಸಿಕ್ಕವು. 4.5 ಗ್ರಾಂಗೆ ಹದಿನಾಲ್ಕು ವರ್ಷ.

ಗಮನಿಸಿ, ಅಲ್ಲಿ ಎರಡು ಅಂಶ ಸೇರಿದ್ದವು. ಕೇಸು, ವಿಚಾರಣೆ ಎರಡರ ಸಾಕ್ಷ್ಯವೂ ಒಂದೇ. ಜೊತೆಗೆ ವಿಚಾರಣೆಯೇ ಅನ್ಯಾಯವಾಗಿ ನಡೆದಿತ್ತು. ಈ ತೀರ್ಪನ್ನು ಉದ್ಧರಿಸುವ ಎಷ್ಟೋ ಅರ್ಜಿಗಳಲ್ಲಿ ಮೊದಲನೆಯದನ್ನು ಮಾತ್ರ ಬರೆದಿರುತ್ತಾರೆ. ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಅಲ್ಲೇ ಏಟು ಬೀಳುತ್ತದೆ.

2006ರಲ್ಲಿ ಗುಜರಾತಿನ ಜಿ.ಎಂ. ಟ್ಯಾಂಕ್ ಪ್ರಕರಣದಲ್ಲೂ, ಆರೋಪ, ಸಾಕ್ಷ್ಯ ಎರಡೂ ಒಂದೇ ಆಗಿ, ಪೂರ್ತಿ ವಿಚಾರಣೆ ನಡೆದ ಮೇಲೆ ಖುಲಾಸೆಯಾಗಿದ್ದರಿಂದ ವಜಾ ರದ್ದಾಯಿತು. ಇತ್ತೀಚಿನದು ರಾಮ್ ಲಾಲ್ ಪ್ರಕರಣ, 2023ರ ಡಿಸೆಂಬರ್. ರಾಜಸ್ಥಾನದ ಕಾನ್‌ಸ್ಟೇಬಲ್ ಒಬ್ಬರು ಎಂಟನೇ ತರಗತಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ತಿದ್ದಿದರು ಅನ್ನುವ ಆರೋಪ. ಮೇಲ್ಮನವಿ ಕೋರ್ಟು ಖುಲಾಸೆ ಮಾಡಿದ್ದರೂ ತೀರ್ಪಿನಲ್ಲಿ "ಸಂಶಯದ ಲಾಭ" ಅನ್ನುವ ಪದ ಬಂದಿತ್ತು. ಸರ್ಕಾರ ಅದನ್ನೇ ಹಿಡಿದುಕೊಂಡಿತು. ಸುಪ್ರೀಂ ಕೋರ್ಟು ಆ ಪದಕ್ಕೆ ಸೊಪ್ಪು ಹಾಕಲಿಲ್ಲ. "ಸಂಶಯದ ಲಾಭ", "ಗೌರವಯುತ ಖುಲಾಸೆ" ಇವೆಲ್ಲ ಮಂತ್ರಗಳಲ್ಲ, ತೀರ್ಪಿನ ಒಳಗೆ ಏನಿದೆ ಅದನ್ನು ನೋಡಬೇಕು ಅಂದಿತು. ಒಳಗೆ ನೋಡಿದರೆ ಆರೋಪವೇ ಸಾಬೀತಾಗಿರಲಿಲ್ಲ. ಕೆಲಸ ವಾಪಸ್ ಸಿಕ್ಕಿತು, ಅರ್ಧ ಸಂಬಳದ ಸಮೇತ.

"ಗೌರವಯುತ ಖುಲಾಸೆ" ಅನ್ನುವ ಮಾತು ಬಂತಲ್ಲ, ಅದರ ಬಗ್ಗೆ ಒಂದೆರಡು ಸಾಲು. ತೀರ್ಪಿಗೆ ಮುಂಚೆ "ಸಾರ್, ಜಡ್ಜ್ ಹತ್ತಿರ ಆ ಪದ ಒಂದು ಬರೆಸಿಕೊಡಿ" ಅಂತ ಕೇಳಿಕೊಂಡು ಬರುವವರಿದ್ದಾರೆ. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅಂಥ ಪದವೇ ಇಲ್ಲ ಅಂತ ಸಮುತಿರಂ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟು ಹೇಳಿದೆ. ತಮಿಳುನಾಡಿನ ಪೊಲೀಸ್ ಸಿಬ್ಬಂದಿಯೊಬ್ಬರ ಮೇಲೆ ಮಹಿಳೆಯನ್ನು ಚುಡಾಯಿಸಿದ ಆರೋಪ ಇತ್ತು. ಸಾಕ್ಷಿಗಳು ಉಲ್ಟಾ ಹೇಳಿ ಖುಲಾಸೆಯಾಯಿತು. ಅದು ಗೌರವಯುತವಲ್ಲ ಅಂತ ವಜಾ ಉಳಿಯಿತು. ಪೂರ್ತಿ ಸಾಕ್ಷ್ಯ ನೋಡಿ, ಆರೋಪವನ್ನು ಸಾಬೀತು ಮಾಡಲು ಪ್ರಾಸಿಕ್ಯೂಷನ್ ಪೂರಾ ಸೋತಿದೆ ಅಂತ ಕೋರ್ಟು ಹೇಳಿದ್ದರೆ ಅದಕ್ಕೆ ಆ ಹೆಸರು ಕೊಡಬಹುದು. ಪದ ಇದ್ದರೂ ಇಲ್ಲದಿದ್ದರೂ ಅಷ್ಟೆ.

ಈಗ ನಿಮ್ಮ ಕೆಲಸ. ವಿಶೇಷ ನ್ಯಾಯಾಲಯದ ತೀರ್ಪು, ಸಾಕ್ಷಿಗಳ ಹೇಳಿಕೆಗಳ ದೃಢೀಕೃತ ಪ್ರತಿ ತೆಗೆಸಿ. ಇಲಾಖಾ ವಿಚಾರಣೆಯ ಪೂರ್ತಿ ಕಡತ ತೆಗೆಸಿ: ಆರೋಪ ಪಟ್ಟಿ, ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು, ವಿಚಾರಣಾ ವರದಿ, ಆ ವರದಿಗೆ ಉತ್ತರ ಕೇಳಿದ ಎರಡನೇ ನೋಟಿಸು, ವಜಾ ಆದೇಶ. ಸಿಸಿಎ ನಿಯಮಗಳ (ರಾಜ್ಯ ಸರ್ಕಾರಿ ನೌಕರರ ಶಿಸ್ತುಕ್ರಮದ ನಿಯಮಗಳು) 14-ಎ ಅಡಿ ಲೋಕಾಯುಕ್ತಕ್ಕೆ ಒಪ್ಪಿಸಿದ ವಿಚಾರಣೆಯಾಗಿದ್ದರೆ ಮೂಲ ದಾಖಲೆ ಅಲ್ಲಿರುತ್ತದೆ, ಕಚೇರಿಯಲ್ಲಲ್ಲ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಎಡಕ್ಕೆ ಕೋರ್ಟಿನ ಹೇಳಿಕೆ, ಬಲಕ್ಕೆ ವಿಚಾರಣೆಯ ಹೇಳಿಕೆ. ಒಬ್ಬೊಬ್ಬ ಸಾಕ್ಷಿಯನ್ನೂ ಜೋಡಿ ಮಾಡಿ ಓದಿ.

ಮೊದಲು ದೂರುದಾರರು. ಕೋರ್ಟಿನಲ್ಲಿ ಉಲ್ಟಾ ಹೇಳಿದರು, ಸರಿ. ಅದಕ್ಕೂ ಮುಂಚೆ ವಿಚಾರಣಾಧಿಕಾರಿಯ ಮುಂದೆ ಏನು ಹೇಳಿದ್ದರು? ಅಲ್ಲಿ "ಹೌದು, ಕೇಳಿದರು, ಕೊಟ್ಟೆ" ಅಂದಿದ್ದರೆ ನಿಮ್ಮ ದಾರಿ ಕಷ್ಟ. ನಾಗರಾಜು ಪ್ರಕರಣ ನೇರವಾಗಿ ಎದುರು ನಿಲ್ಲುತ್ತದೆ. ಅಲ್ಲಿಯೂ ಉಲ್ಟಾ ಹೇಳಿದ್ದರೆ, ಅಥವಾ ಅವರನ್ನು ಕರೆಸಿಯೇ ಇಲ್ಲದಿದ್ದರೆ, ಆಟವೇ ಬೇರೆ. ಆಮೇಲೆ ನೆರಳು ಸಾಕ್ಷಿ. ಅವರು ಮಾತು ಕೇಳಿಸಿಕೊಂಡರಾ, ದೂರದಲ್ಲಿ ನಿಂತಿದ್ದರಾ? ಕೋರ್ಟು ಅವರನ್ನು ನಂಬಲಿಲ್ಲವಾ, ಅಥವಾ ದೂರುದಾರರೇ ಇಲ್ಲವೆಂದ ಮೇಲೆ ಇವರದೊಂದು ಸಾಲದು ಅಂದಿತಾ? ಈ ಎರಡರ ನಡುವೆ ಭೂಮಿ ಆಕಾಶದ ಅಂತರ. "ಬಲೆ ಬೀಸಿದ್ದೇ ಅನುಮಾನ, ಹಣವನ್ನು ಬಲವಂತವಾಗಿ ಜೇಬಿಗೆ ತುರುಕಿದರು ಅನ್ನುವ ಆರೋಪಿಯ ವಿವರಣೆ ನಂಬುವಂತಿದೆ" ಅಂತ ನ್ಯಾಯಾಧೀಶರು ಬರೆದಿದ್ದರೆ, ಆ ಪುಟ ನಿಮಗೆ ಚಿನ್ನ. "ದೂರುದಾರರು ಬೆಂಬಲಿಸದ ಕಾರಣ ಸಂಶಯದ ಲಾಭ ಕೊಡಲಾಗಿದೆ" ಅಂತ ಮಾತ್ರ ಇದ್ದರೆ, ಅದು ಜೈಲಿನಿಂದ ಉಳಿಸಿತು ಅಷ್ಟೆ. ಕೇಸು ನಡೆಸಲು ಕೊಟ್ಟ ಅನುಮತಿ ಸರಿಯಿಲ್ಲ ಅನ್ನುವಂಥ ತಾಂತ್ರಿಕ ಕಾರಣಕ್ಕೆ ಖುಲಾಸೆಯಾಗಿದ್ದರೂ ಇಲಾಖೆಯ ಮುಂದೆ ಅದರಿಂದ ಏನೂ ಉಪಯೋಗವಿಲ್ಲ.

ಆರೋಪ ಪಟ್ಟಿಯನ್ನೂ ಸರಿಯಾಗಿ ನೋಡಿ. ಕೋರ್ಟಿನ ಆರೋಪ ಲಂಚ ಒಂದೇ. ಇಲಾಖೆಯ ಪಟ್ಟಿಯಲ್ಲಿ ಎರಡನೆಯದು, ಮೂರನೆಯದು ಅಂತ ಬೇರೆ ಏನಾದರೂ ಸೇರಿಸಿದ್ದಾರಾ? ಕಡತ ತಡ ಮಾಡಿದ್ದು, ಸ್ವಂತ ಹಣವನ್ನು ಘೋಷಣಾ ರಿಜಿಸ್ಟರಿನಲ್ಲಿ ಬರೆಯದಿದ್ದದ್ದು, ಇಂಥವು? ಅವನ್ನು ಕೋರ್ಟು ವಿಚಾರಿಸಿಯೇ ಇಲ್ಲ, ಹಾಗಾಗಿ ಖುಲಾಸೆ ಅವುಗಳನ್ನು ಮುಟ್ಟುವುದಿಲ್ಲ. ಆದರೆ ಅವುಗಳಷ್ಟಕ್ಕೇ ವಜಾ ಮಾಡುವುದು ಜಾಸ್ತಿಯಾಯಿತು ಅಂತ ವಾದಿಸಬಹುದು.

ನನ್ನ ಅನುಭವದಲ್ಲಿ ಖುಲಾಸೆಗಿಂತ ಗಟ್ಟಿ ಅಸ್ತ್ರ ಇರುವುದು ವಿಚಾರಣೆಯ ಕಡತದಲ್ಲೇ. ಅದನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ. ವಿಚಾರಣಾ ವರದಿಯ ಪ್ರತಿ ಕೊಟ್ಟು ಉತ್ತರ ಕೇಳಿದರಾ? ಕೊಡಲೇಬೇಕು ಅಂತ 1993ರ ಕರುಣಾಕರ್ ತೀರ್ಪು ಹೇಳುತ್ತದೆ, ಕೊಡದೆ ನಿಮಗೆ ತೊಂದರೆಯಾಗಿದ್ದರೆ ಅದನ್ನು ತೋರಿಸಬೇಕು. ಸಾಕ್ಷಿಗಳನ್ನು ಕರೆಸಿ ವಿಚಾರಿಸಿದರಾ, ಅಥವಾ ಎಫ್‌ಐಆರ್, ಮಹಜರು, ಪೊಲೀಸ್ ಹೇಳಿಕೆಗಳನ್ನು ಸುಮ್ನೆ ಕಡತಕ್ಕೆ ಸೇರಿಸಿ "ಸಾಬೀತು" ಅಂತ ಬರೆದರಾ? ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ಸಂಗ್ರಹಿಸಿದ ಕಾಗದ ತನ್ನಷ್ಟಕ್ಕೆ ಸಾಕ್ಷ್ಯವಲ್ಲ, ಯಾರಾದರೂ ಬಂದು ಅದನ್ನು ರುಜುವಾತು ಮಾಡಬೇಕು ಅಂದಿದೆ. ಪಾಟೀ ಸವಾಲಿಗೆ ಅವಕಾಶ ಕೊಟ್ಟರಾ? ಜೀವನಾಧಾರ ಭತ್ಯೆ ಸರಿಯಾಗಿ ಬಂತಾ? ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ ಅನ್ನುವ ಕೋರ್ಟುಗಳೂ, ಸಾಕ್ಷ್ಯವೇ ಇಲ್ಲದ ಕಡೆ, ನ್ಯಾಯವಾಗಿ ವಿಚಾರಣೆ ನಡೆಯದ ಕಡೆ ಕೈ ಹಾಕುತ್ತವೆ.

ಗಡುವಿನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಬೇಜಾರಿನ ವಿಷಯ, ಆದರೆ ಹೇಳಲೇಬೇಕು. ರಾಜ್ಯ ಸರ್ಕಾರಿ ನೌಕರರು ಹೋಗಬೇಕಾದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ 21ನೇ ಕಲಂ ಪ್ರಕಾರ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಲಾಖೆಯಲ್ಲಿ ಮೇಲ್ಮನವಿ ಹಾಕಿ ಆರು ತಿಂಗಳಾದರೂ ಉತ್ತರ ಬರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ನಿಮ್ಮದು 2019ರ ಆದೇಶ. ಗಡುವು ಯಾವತ್ತೋ ದಾಟಿದೆ. "ಕೇಸು ಮುಗಿಯಲಿ" ಅಂತ ಕಾದಿದ್ದು ಮನುಷ್ಯರಿಗೆ ಅರ್ಥವಾಗುತ್ತದೆ, ಕಾನೂನಿಗೆ ಅದನ್ನು ಅರ್ಥ ಮಾಡಿಸಬೇಕು. ತಡವನ್ನು ಮನ್ನಿಸುವ ಅಧಿಕಾರ ಅದೇ ಕಲಮಿನಲ್ಲಿ ಮಂಡಳಿಗೆ ಇದೆ. ಮೂಲ ಅರ್ಜಿಯ ಜೊತೆಗೇ ತಡಕ್ಕೆ ಕಾರಣ ಕೊಟ್ಟು ಪ್ರತ್ಯೇಕ ಅರ್ಜಿ ಹಾಕಬೇಕು. ಕೇಸು ಬಾಕಿ ಇದ್ದದ್ದು, ಎರಡರ ಆಧಾರವೂ ಒಂದೇ ಟ್ರ್ಯಾಪ್ ಆಗಿದ್ದದ್ದು, ಖುಲಾಸೆ ಈಗ ಬಂದದ್ದು, ಬಂದ ಕೂಡಲೇ ಬಂದಿದ್ದೇವೆ ಅನ್ನುವುದು, ಇಷ್ಟನ್ನೂ ದಿನಾಂಕ ಸಮೇತ ಬರೆಯಿರಿ. ಮನ್ನಿಸಿಯೇ ತೀರುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಆದರೆ ಖುಲಾಸೆಯಾಗಿ ಒಂದು ತಿಂಗಳಲ್ಲಿ ಹೋಗುವುದಕ್ಕೂ ಇನ್ನೆರಡು ವರ್ಷ ಬಿಟ್ಟು ಹೋಗುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಇಲ್ಲಿ ಇನ್ನೊಂದು ಹಳ್ಳ ಇದೆ. ಕಚೇರಿಗೆ ಮನವಿ ಕೊಟ್ಟು, ಉತ್ತರ ಬರಲಿ ಅಂತ ಕೂರುವುದು. ಉತ್ತರ ಬರುವುದಿಲ್ಲ, ಜ್ಞಾಪನ ಕೊಡುತ್ತೀರಿ, ಮತ್ತೊಂದು ಜ್ಞಾಪನ ಕೊಡುತ್ತೀರಿ. ಕಳೆದುಹೋದ ಗಡುವು ಮನವಿ ಕೊಡುವುದರಿಂದ, ಅದಕ್ಕೆ ಉತ್ತರ ಬರುವುದರಿಂದ ಮತ್ತೆ ಹುಟ್ಟುವುದಿಲ್ಲ ಅಂತ ಸಿ. ಜೇಕಬ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ. ಮನವಿ ಕೊಡಿ, ಬೇಡ ಅನ್ನುವುದಿಲ್ಲ. ಟಪಾಲಿನಲ್ಲಿ ಸೀಲು ಹಾಕಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಆದರೆ ಅದನ್ನೇ ನಂಬಿ ಮಂಡಳಿಗೆ ಹೋಗುವುದನ್ನು ಮುಂದೂಡಬೇಡಿ.

ಇನ್ನು ಸಂಬಳ. ಕೆಲಸ ಸಿಕ್ಕಿದರೆ ಹಿಂದಿನ ಸಂಬಳವೂ ಬರುತ್ತದೆ ಅನ್ನುವ ನಿಯಮವೇನಿಲ್ಲ. ಪಾಲ್ ಆಂಥೋನಿಗೆ ಪೂರ್ತಿ, ರಾಮ್ ಲಾಲ್‌ಗೆ ಅರ್ಧ. ಟ್ಯಾಂಕ್ ಅವರಿಗೆ ವಜಾ ರದ್ದಾದರೂ ಹಿಂದಿನ ಸಂಬಳ ಸಿಗಲಿಲ್ಲ. ಅಷ್ಟರಲ್ಲಿ ಅವರ ನಿವೃತ್ತಿ ವಯಸ್ಸು ದಾಟಿತ್ತು, ಪಿಂಚಣಿಯ ದಾರಿ ತೆರೆಯಿತು. 1996ರ ರಣಛೋಡ್‌ಜಿ ಠಾಕೋರ್ ಪ್ರಕರಣದಲ್ಲಿ, ಮೇಲ್ಮನವಿಯಲ್ಲಿ ಖುಲಾಸೆಯಾದ ನೌಕರರಿಗೆ ಕೆಲಸ ಸಿಕ್ಕಿತು, ಸಂಬಳ ಸಿಗಲಿಲ್ಲ. ನೀವು ಸುಮ್ಮನೆ ಕೂತು ಕಾದ 2019ರ ಆಚೆಗಿನ ವರ್ಷಗಳ ಸಂಬಳ ಸಿಗುವುದು ಬಹಳ ಕಷ್ಟ ಅಂತಲೇ ಇಟ್ಟುಕೊಳ್ಳಿ. ಆ ಹಣವನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಬೇಡಿ.

ಯಜಮಾನರಿಗೆ 56. ನಿವೃತ್ತಿ 60ಕ್ಕೆ. ಮಂಡಳಿ, ಹೈಕೋರ್ಟು ಅಂತ ನಾಲ್ಕು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಜವಾದ ಪ್ರಶ್ನೆ ಕುರ್ಚಿಯದಲ್ಲ, ಪಿಂಚಣಿಯದು. ವಜಾ ಆದರೆ ಹಿಂದಿನ ಸೇವೆಯೆಲ್ಲ ನೀರಿನಲ್ಲಿ ಹೋಮ. ಕಡ್ಡಾಯ ನಿವೃತ್ತಿಯಾದರೆ ಪಿಂಚಣಿ ಉಳಿಯುತ್ತದೆ. ಉಮೇಶ್ ಪ್ರಕರಣ ಜ್ಞಾಪಿಸಿಕೊಳ್ಳಿ, ಅಲ್ಲಿ ಇಲಾಖೆಯೇ ಕೊಟ್ಟಿದ್ದು ಕಡ್ಡಾಯ ನಿವೃತ್ತಿ, ವಜಾ ಅಲ್ಲ. ಅದಕ್ಕೇ ಅರ್ಜಿಯಲ್ಲಿ ವಜಾ ರದ್ದು ಮಾಡಿ ಅಂತ ಕೇಳುವ ಜೊತೆಗೆ, ಅದು ಆಗದಿದ್ದರೆ ದಂಡನೆಯನ್ನು ಕಡ್ಡಾಯ ನಿವೃತ್ತಿಗೆ ಇಳಿಸಿ ಅಂತಲೂ ಕೇಳಿ. ಸ್ವಾಭಿಮಾನಕ್ಕೆ ಇದು ಹಿಡಿಸುವುದಿಲ್ಲ ಅಂತ ನನಗೆ ಗೊತ್ತು. ಒಬ್ಬ ಕಕ್ಷಿದಾರರು ಇದೇ ಸಾಲಿಗೆ ಸಹಿ ಹಾಕಲ್ಲ ಅಂತ ಎದ್ದು ಹೋಗಿದ್ದರು. ಒಂದು ವಾರ ಬಿಟ್ಟು ಅವರ ಹೆಂಡತಿ ಅವರನ್ನು ಕರೆದುಕೊಂಡು ಬಂದರು.

ಸರ್ಕಾರ ಈ ಖುಲಾಸೆಯ ಮೇಲೆ ಹೈಕೋರ್ಟಿಗೆ ಹೋಗಬಹುದು ಅನ್ನುವುದನ್ನೂ ಮನಸ್ಸಿನಲ್ಲಿಡಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 419ನೇ ಕಲಂ, ಹಳೇ ಸಂಹಿತೆಯಲ್ಲಿ 378. ಸರ್ಕಾರಕ್ಕೆ 90 ದಿನಗಳ ಕಾಲಾವಕಾಶ ಇರುತ್ತದೆ, ತಡವಾದರೆ ಅದೂ ಮನ್ನಿಸಿ ಅಂತ ಕೇಳಬಹುದು. ಮೇಲ್ಮನವಿ ಬಂತು ಅಂದ ಮಾತ್ರಕ್ಕೆ ಖುಲಾಸೆ ಅಳಿಸಿಹೋಗುವುದಿಲ್ಲ. ಆದರೆ ಇಲಾಖೆಗೆ ಅದು ಒಂದು ನೆಪ ಆಗುತ್ತದೆ.

ಇದೇ ಪರಿಸ್ಥಿತಿಯಲ್ಲಿರುವ ಬೇರೆಯವರಿಗೆ ಎರಡು ಮಾತು. ಕೇಸು, ಇಲಾಖಾ ವಿಚಾರಣೆ ಎರಡೂ ಈಗ ನಡೆಯುತ್ತಿದ್ದರೆ, ವಿಚಾರಣೆಗೆ ತಡೆ ಬೇಕು ಅಂತ ಕೇಳಬಹುದು. ಆದರೆ ಅದು ಹಕ್ಕಲ್ಲ. ಎರಡಕ್ಕೂ ಆಧಾರ ಒಂದೇ ಆಗಿದ್ದು, ಆರೋಪ ಗಂಭೀರವಾಗಿದ್ದು, ಕಾನೂನು ಮತ್ತು ಸಂಗತಿಗಳು ಜಟಿಲವಾಗಿದ್ದರೆ ಮಾತ್ರ ತಡೆ ಕೊಡುತ್ತಾರೆ. ಕೇಸು ಎಳೆಯುತ್ತಾ ಹೋದರೆ ತಡೆ ತೆಗೆದುಬಿಡುತ್ತಾರೆ. ತಡೆ ಸಿಗದಿದ್ದರೂ ವಿಚಾರಣೆಗೆ ಹೋಗದೆ ಇರಬೇಡಿ. ಅಲ್ಲಿ ದಾಖಲಾಗುವ ಪ್ರತಿ ಪಾಟೀ ಸವಾಲೂ ಮುಂದೆ ಬೇಕಾಗುತ್ತದೆ. ನಿಗಮ, ಮಂಡಳಿ, ಬ್ಯಾಂಕಿನವರಿಗೆ 311ನೇ ವಿಧಿ ಅನ್ವಯಿಸುವುದಿಲ್ಲ, ಅವರವರ ಸೇವಾ ನಿಯಮಗಳಿವೆ, ಹೋಗಬೇಕಾದ ಕೋರ್ಟೂ ಬೇರೆ. ಆದರೆ ಮೇಲೆ ಹೇಳಿದ ತತ್ವಗಳು ಅವರಿಗೂ ಅವೇ. ಪಾಲ್ ಆಂಥೋನಿ ಕೂಡ ಕಂಪನಿ ನೌಕರರೇ ಅಲ್ವಾ?

ನಿಮಗೆ ಈಗ ಮೊದಲ ಹೆಜ್ಜೆ ದೃಢೀಕೃತ ಪ್ರತಿಗಳು. ಅವು ಬಂದ ಮೇಲೆ ತೀರ್ಪಿನಲ್ಲಿ ದೂರುದಾರರ ಮತ್ತು ನೆರಳು ಸಾಕ್ಷಿಯ ಬಗ್ಗೆ ನ್ಯಾಯಾಧೀಶರು ಬರೆದ ಪ್ಯಾರಾಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಅದೇ ಇಬ್ಬರ ಬಗ್ಗೆ ವಿಚಾರಣಾ ವರದಿ ಏನು ಹೇಳುತ್ತದೆ ಅನ್ನುವುದನ್ನು ಪಕ್ಕದಲ್ಲಿ ಬರೆಯಿರಿ. ಸೇವಾ ವಿಷಯ ನೋಡುವ ವಕೀಲರ ಹತ್ತಿರ ಹೋಗುವಾಗ ಆ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಹೋಗಿ. ಕ್ರಿಮಿನಲ್ ಕೇಸು ಗೆದ್ದುಕೊಟ್ಟ ವಕೀಲರೇ ಇದನ್ನೂ ನೋಡಬೇಕು ಅಂತೇನಿಲ್ಲ.